ಮೂಲನೆಲೆಯ ನಕ್ಷೆಯಲ್ಲಿ ಹಸಿರು ಬಣ್ಣ ಕಂಡರೆ ಎಷ್ಟರ ಮಟ್ಟಿಗೆ ನಂಬಬಹುದು?

ಬೀಜಗಣಿತ
ಕಾಡುಹೂವಿನ ಗಿಡವೊಂದರ ಮೂಲ ಎಲ್ಲಿಯದು ಎಂದು ನೋಡಬೇಕಾದಾಗ ಈಗ ಹೆಚ್ಚಿನವರು ತೆರೆಯುವುದು ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ತಾಣವನ್ನು. 2017ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಕೆಲಸವೂ ಅಚ್ಚುಕಟ್ಟು. ಹಸಿರು ಬಳಿದಿದ್ದರೆ ಅಲ್ಲಿನದೇ ಗಿಡ, ನೇರಳೆ ಬಳಿದಿದ್ದರೆ ಹೊರಗಿನಿಂದ ಬಂದದ್ದು. ನನ್ನ ತಕರಾರು ಏನೆಂದರೆ, ಪಶ್ಚಿಮಘಟ್ಟದ ನೆತ್ತಿಯ ಹುಲ್ಲುಗಾವಲು ಬಿಟ್ಟು ಇನ್ನೆಲ್ಲೂ ಬೆಳೆಯದ ಗಿಡಕ್ಕೂ ರಾಜಸ್ಥಾನದವರೆಗೆ ಹಸಿರು ಬಳಿದಿರುತ್ತದೆ. ಅದನ್ನೇ ತೋರಿಸಿ “ನೋಡ್ರೀ, ಇದು ಇಲ್ಲಿನದೇ” ಅಂತ ವಾದಕ್ಕಿಳಿಯುವವರನ್ನು ಕಂಡು ಸಾಕಾಗಿದೆ. ಒಂದು ಗಿಡ ಒಂದು ಜಾಗದ್ದು ಅಂತ ತೀರ್ಮಾನಿಸುವುದು ಯಾವ ಆಧಾರದ ಮೇಲೆ? ಯಾವ ಕಾಲದಿಂದ ಲೆಕ್ಕ? ತಿಳಿದವರು ಬರೆಯಿರಿ.

ಎಲೆಮರೆ
ನಕ್ಷೆಯದು ತಪ್ಪಲ್ಲ, ಅದನ್ನು ಓದುವವರದು. ಆ ತಾಣ ಬಳಸುವುದು ಸಸ್ಯಶಾಸ್ತ್ರಜ್ಞರು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ 369 ‘ಸಸ್ಯ ಪ್ರಾಂತ್ಯ’ಗಳನ್ನು. ಭಾರತದಲ್ಲಿ ಅಸ್ಸಾಂ ಕಡೆಯದು ಬೇರೆ, ಪೂರ್ವ ಮತ್ತು ಪಶ್ಚಿಮ ಹಿಮಾಲಯ ಬೇರೆ ಬೇರೆ. ಮಿಕ್ಕ ಇಡೀ ಮುಖ್ಯಭೂಮಿ ಒಂದೇ ಪ್ರಾಂತ್ಯ. ಅದರೊಳಗೆ ಒಂದೇ ಒಂದು ಬೆಟ್ಟದಲ್ಲಿ ಗಿಡ ಇದ್ದರೂ ಪೂರ್ತಿ ಹಸಿರಾಗುತ್ತದೆ. ಅಂದರೆ ‘ಈ ಪ್ರಾಂತ್ಯದಲ್ಲಿ ಎಲ್ಲೋ ಒಂದು ಕಡೆ ತಾನಾಗಿ ಇದೆ’ ಎನ್ನುವುದಷ್ಟೇ ಅದರ ಅರ್ಥ.

ಸಣ್ಣ ಅಳತೆ ಬೇಕಾದರೆ ಜಾಗತಿಕ ನಿಸರ್ಗ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್‌ನವರು ಕೆಂಪುಪಟ್ಟಿಗೆ (ಅಳಿವಿನ ಅಪಾಯ ಎಷ್ಟೆಂದು ತೂಗುವ ಪಟ್ಟಿ) ಬಳಸುವ ಕ್ರಮ ನೋಡಿ. ಗಿಡ ದಾಖಲಾದ ಎಲ್ಲ ತಾಣಗಳನ್ನು ಸುತ್ತುವರಿದು ಗೆರೆ ಎಳೆದರೆ ಬರುವ ವಿಸ್ತೀರ್ಣ ಒಂದು. ಎರಡು ಕಿ.ಮೀ. ಚೌಕಗಳ ಜಾಲ ಹಾಸಿ, ಗಿಡ ನಿಜಕ್ಕೂ ಇರುವ ಚೌಕಗಳನ್ನು ಎಣಿಸಿದರೆ ಬರುವ ವಿಸ್ತೀರ್ಣ ಇನ್ನೊಂದು. ಒಂದೇ ಗಿಡಕ್ಕೆ ಈ ಎರಡು ಅಂಕಿಗಳ ನಡುವೆ ನೂರುಪಟ್ಟು ಅಂತರ ಇದ್ದರೂ ಆಶ್ಚರ್ಯವಿಲ್ಲ.

ದಾರಿಹೋಕ
ಹಾಗಾದರೆ ಹೊಂಡದಲ್ಲಿ ಮಾತ್ರ ಬದುಕುವ ನೀರುಗಿಡಕ್ಕೆ ಥಾರ್ ಮರುಭೂಮಿಯೂ ತವರುಮನೆ ಅನ್ನಿ 😀

ಪರಾಗ
‘ಯಾವ ಕಾಲದಿಂದ’ ಎಂಬ ಪ್ರಶ್ನೆಗೆ ನನ್ನದೊಂದಿಷ್ಟು.

‘ಸ್ಥಳೀಯ’, ‘ಹೊರಗಿನದು’ ಎಂಬ ವಿಂಗಡಣೆಯನ್ನು ಕ್ರಮವಾಗಿ ಮಾಡಹೊರಟವರಲ್ಲಿ ಮೊದಲಿಗ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಎಚ್. ಸಿ. ವಾಟ್ಸನ್, 1847ರಲ್ಲಿ. ಯೂರೋಪಿನ ಸಸ್ಯಶಾಸ್ತ್ರಜ್ಞರು ಆಮೇಲೆ ಕಾಲದ ಗೆರೆಯೊಂದನ್ನೂ ಎಳೆದರು: ಸುಮಾರು ಕ್ರಿ.ಶ. 1500. ಕೊಲಂಬಸ್ ಅಟ್ಲಾಂಟಿಕ್ ದಾಟಿದ ಮೇಲೆ ಗಿಡಗಳ ಓಡಾಟದ ಸ್ವರೂಪವೇ ಬದಲಾಯಿತಲ್ಲ, ಅದಕ್ಕೆ. ಆ ಗೆರೆಗಿಂತ ಮುಂಚೆ ಮನುಷ್ಯನ ಜೊತೆ ಬಂದು ನೆಲೆನಿಂತವು ‘ಹಳೆಯ ವಲಸಿಗ’, ನಂತರದವು ‘ಹೊಸ ವಲಸಿಗ’. ಮನುಷ್ಯನ ನೆರವಿಲ್ಲದೆ ಬಂದದ್ದು ಮಾತ್ರ ಸ್ಥಳೀಯ.

ಇದರ ಪ್ರಕಾರ ಬ್ರಿಟನ್ನಿನ ಗೋಧಿ ಹೊಲಗಳ ಕೆಂಪು ಪಾಪಿ ಹೂವೂ ಅಲ್ಲಿನದಲ್ಲ. ಬೇಸಾಯದ ಬೆನ್ನು ಹತ್ತಿ, ಕಾಳಿನ ಜೊತೆ ಬೆರೆತು ಬಂದದ್ದು ಅದು. ಉಳುಮೆಯ ನೆಲ ಬಿಟ್ಟು ಪೂರ್ತಿ ಕಾಡುನೆಲದಲ್ಲಿ ಅದರ ತವರು ಯಾವುದು ಎಂದು ಬೊಟ್ಟು ಮಾಡಿ ತೋರಿಸುವುದೇ ಕಷ್ಟ. ಪೂರ್ವ ಮೆಡಿಟರೇನಿಯನ್ ಕಡೆಗೆ ಕೈ ತೋರಿಸುತ್ತಾರೆ, ಅಷ್ಟೇ.

ಆಧಾರಗಳೆಂದರೆ ಕೆಸರಿನ ಪದರಗಳಲ್ಲಿ ಉಳಿದ ಪರಾಗ, ಹಳೆಯ ಜನವಸತಿಗಳ ಮಣ್ಣಿನಲ್ಲಿ ಸಿಗುವ ಸುಟ್ಟ ಬೀಜ, ಹರ್ಬೇರಿಯಂ ಹಾಳೆಗಳು (ಒಣಗಿಸಿ ಅಂಟಿಸಿಟ್ಟ ಗಿಡದ ಮಾದರಿಗಳು), ಈಚೆಗೆ ಡಿಎನ್‌ಎ. ಯಾವ ಒಂದೂ ಸಾಲದು. ಹರ್ಬೇರಿಯಂ ಹಾಳೆಯ ಮೇಲಿನ ವರ್ಷ ಹೇಳುವುದು ಗಿಡ ಯಾರದೋ ಕಣ್ಣಿಗೆ ಬಿದ್ದದ್ದು ಯಾವಾಗ ಎಂದು. ಬಂದದ್ದು ಅದಕ್ಕಿಂತ ಎಷ್ಟೋ ಹಿಂದೆ ಇರಬಹುದು.

ಹುಲ್ಲುಹಾದಿ
ಪರಾಗ ಅವರೇ, ನೀವು ಹೇಳಿದ್ದರಲ್ಲೇ ನನ್ನ ಆಕ್ಷೇಪವೂ ಇದೆ. 1500 ಎಂಬುದು ಯಾರೋ ಕೂತು ಎಳೆದ ಗೆರೆ. ಗಿಡಕ್ಕೇನು ಗೊತ್ತು ಅದು? ಯೂರೋಪಿನ ಹೊಲಗಳಲ್ಲಿ ಕಾರ್ನ್‌ಕಾಕಲ್ ಎಂಬ ನೇರಳೆಗೆಂಪು ಹೂವಿನ ಗಿಡವಿತ್ತು. ಬಿತ್ತನೆ ಕಾಳಿನ ಜೊತೆಯೇ ಅದರ ಬೀಜವೂ ಹೊಲ ಸೇರುತ್ತಿತ್ತು. ಕಾಳು ಶುಚಿ ಮಾಡುವ ಯಂತ್ರಗಳು ಬಂದವು, ಬ್ರಿಟನ್ನಿನಲ್ಲಿ ಗಿಡವೇ ಹೆಚ್ಚುಕಡಿಮೆ ಕಣ್ಮರೆಯಾಯಿತು. ಅದು ವಲಸಿಗ ಕಳೆ ಎಂದು ಕೈತೊಳೆದುಕೊಳ್ಳಬೇಕೋ, ಸಾವಿರಾರು ವರ್ಷ ಬಾಳಿದ ಹೂ ಎಂದು ಉಳಿಸಬೇಕೋ?

ಇನ್ನೊಂದು, ಫ್ರಾಂಕ್ಲಿನಿಯಾ. ಅಮೆರಿಕದ ಜಾರ್ಜಿಯಾದಲ್ಲಿ ಆಲ್ಟಮಾಹಾ ನದಿಯ ದಂಡೆಯಲ್ಲಿ 1765ರಲ್ಲಿ ಸಸ್ಯಶೋಧಕರಾದ ಬಾರ್ಟ್ರಮ್ ಅಪ್ಪ-ಮಗ ಕಂಡ ಬಿಳಿ ಹೂವಿನ ಸಣ್ಣ ಮರ. 1803ರ ನಂತರ ಕಾಡಿನಲ್ಲಿ ಯಾರೂ ಕಂಡಿಲ್ಲ. ಇವತ್ತು ಇರುವುದೆಲ್ಲ ತೋಟಗಳಲ್ಲಿ. ನಕ್ಷೆಯಲ್ಲಿ ಜಾರ್ಜಿಯಾಕ್ಕೆ ಬಣ್ಣ ಹಚ್ಚಿ ಏನು ಪ್ರಯೋಜನ? ‘ಮೂಲನೆಲೆ’ ಎಂಬುದೇ ನಮ್ಮ ಮನಸ್ಸಿನ ಸಮಾಧಾನಕ್ಕೆ ಇರುವ ಕಲ್ಪನೆ ಅನ್ನಿಸುತ್ತದೆ ನನಗೆ.

ಎಲೆಮರೆ
ಒಪ್ಪಲ್ಲ. ಕಾಲದ ಗೆರೆ ಮನುಷ್ಯನದು, ಸರಿ. ಆದರೆ ಗಿಡ ತನ್ನ ತವರಿನಲ್ಲಿ ಇರುವ ರೀತಿಗೂ ಹೊರಗೆ ಇರುವ ರೀತಿಗೂ ಇರುವ ವ್ಯತ್ಯಾಸ ನಾವು ಕಲ್ಪಿಸಿಕೊಂಡದ್ದಲ್ಲ. ಅಳೆದು ತೋರಿಸಬಹುದು.

ನೀರಿನ ಮೇಲೆ ತೇಲುವ ನೇರಳೆ ಹೂವಿನ ವಾಟರ್ ಹಯಸಿಂತ್ ತೆಗೆದುಕೊಳ್ಳಿ. ಅದರಲ್ಲಿ ಮೂರು ಬಗೆಯ ಹೂಗಳಿವೆ: ಶಲಾಕೆ (ಹೂವಿನ ಹೆಣ್ಣುಭಾಗದ ಕಡ್ಡಿ) ಉದ್ದ ಇರುವುದು, ಮಧ್ಯಮ, ಗಿಡ್ಡ. ಗಿಡ್ಡ ಶಲಾಕೆಯದು ದಕ್ಷಿಣ ಅಮೆರಿಕದ ತಗ್ಗುನಾಡು ಬಿಟ್ಟರೆ ಬೇರೆಡೆ ಸಿಗುವುದಿಲ್ಲ. ಜಗತ್ತಿನ ಮಿಕ್ಕ ಭಾಗದಲ್ಲೆಲ್ಲ ಹಬ್ಬಿರುವುದು ಬಹುಪಾಲು ಮಧ್ಯಮ ಬಗೆಯೇ. ಎಲ್ಲೋ ಹೊತ್ತೊಯ್ದ ಬೆರಳೆಣಿಕೆಯ ಗಿಡಗಳಿಂದ ಇಷ್ಟೆಲ್ಲ ಆಗಿದೆ ಎನ್ನುವುದಕ್ಕೆ ಹೂವಿನೊಳಗೇ ಸಾಕ್ಷಿ ಇದೆ. ಜಪಾನೀಸ್ ನಾಟ್‌ವೀಡ್ ಇನ್ನೂ ವಿಚಿತ್ರ: ಬ್ರಿಟನ್ ತುಂಬ ಇರುವುದು ಒಂದೇ ಹೆಣ್ಣುಗಿಡದ ಬೇರುತುಂಡುಗಳಿಂದ ಬೆಳೆದ ಪ್ರತಿಗಳು. ಜಪಾನಿನಲ್ಲಾದರೆ ಫುಜಿ ಪರ್ವತದ ಲಾವಾ ಇಳಿಜಾರಿನಲ್ಲಿ ಬೀಜದಿಂದ ಹುಟ್ಟುತ್ತದೆ, ಹುಳು-ಹುಪ್ಪಟೆ ತಿಂದು ಹದ್ದುಬಸ್ತಿನಲ್ಲಿ ಇಡುತ್ತವೆ.

ಅಂದರೆ ತವರು ಎಂದರೆ ತಳಿವೈವಿಧ್ಯ ಹೆಚ್ಚಿರುವ ಜಾಗ, ಅದನ್ನೇ ನಂಬಿದ ಕೀಟ-ಶಿಲೀಂಧ್ರಗಳು ಇರುವ ಜಾಗ. ಇದಕ್ಕೆ ಇಸವಿ ಬೇಕಿಲ್ಲ.

ಮಣ್ಣುಹುಳ
ಇದಕ್ಕೆ ತಿರುಗುಮುರುಗಾದ ಒಂದು ಕಥೆ. ಕಳೆ ಎಂದರೆ ಯಾವಾಗಲೂ ಅಮೆರಿಕದಿಂದ ಇತ್ತ ಬಂದದ್ದು ಎನ್ನುವ ಹಾಗೆ ಮಾತಾಡುತ್ತೇವೆ. ಕರ್ಣಕುಂಡಲದ ಕುಲದ್ದೇ ಒಂದು ಗಿಡ, ಹಿಮಾಲಯನ್ ಬಾಲ್ಸಮ್, ಪಶ್ಚಿಮ ಹಿಮಾಲಯದ್ದು. 1839ರಲ್ಲಿ ಚಂದದ ಹೂ ಎಂದು ಕ್ಯೂಗೆ ಒಯ್ದರು. ಆಳೆತ್ತರ ಮೀರಿ ಬೆಳೆಯುತ್ತದೆ, ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಏಳು ಮೀಟರ್ ದೂರದವರೆಗೆ ಚಿಮ್ಮುತ್ತದೆ, ಬಿದ್ದದ್ದು ನದಿಗಾದರೆ ಮುಂದಿನ ಪಯಣಕ್ಕೆ ದೋಣಿಯೂ ಬೇಡ. ಈಗ ಯೂರೋಪಿನ ಹೊಳೆದಂಡೆಗಳೆಲ್ಲ ಅದರದೇ. ಮಕರಂದ ಎಷ್ಟು ಧಾರಾಳವೆಂದರೆ ದುಂಬಿ-ಜೇನು ಪಕ್ಕದ ಸ್ಥಳೀಯ ಹೂಗಳ ಕಡೆ ತಿರುಗಿ ನೋಡುವುದು ಕಡಿಮೆಯಾಗುತ್ತದೆ.

ಎಲೆಮರೆ ಹೇಳಿದ ಮಾತಿಗೆ ಇದರಲ್ಲಿ ಪುರಾವೆಯೂ ಇದೆ. ಹತೋಟಿಗೆಂದು ಹಿಮಾಲಯದಿಂದಲೇ ತಂದ ತುಕ್ಕುರೋಗದ ಶಿಲೀಂಧ್ರವನ್ನು 2014ರಲ್ಲಿ ಇಂಗ್ಲೆಂಡಿನಲ್ಲಿ ಬಿಟ್ಟರು. ಕೆಲವು ಕಡೆಯ ಗಿಡಗಳಿಗೆ ತಗುಲಿತು, ಕೆಲವು ಕಡೆ ಜಪ್ಪಯ್ಯ ಎನ್ನಲಿಲ್ಲ. ಯಾಕೆಂದರೆ ಗಿಡ ಬಂದದ್ದು ಒಂದೇ ಸಲ ಅಲ್ಲ, ಒಂದೇ ಕಣಿವೆಯಿಂದಲೂ ಅಲ್ಲ. ಭಾರತದ ಕಡೆಯ ಶಿಲೀಂಧ್ರ ಒಂದು ಬಗೆಗೆ, ಪಾಕಿಸ್ತಾನದ ಕಡೆಯದು ಇನ್ನೊಂದು ಬಗೆಗೆ. ತವರು ಯಾವ ಕಣಿವೆ ಎನ್ನುವುದು ಅಲ್ಲಿ ಕಚೇರಿಯ ಕಡತದ ಪ್ರಶ್ನೆಯಾಗಿ ಉಳಿಯಲಿಲ್ಲ.

ಹುಲ್ಲುಹಾದಿ
ಹಾಗಿದ್ದರೆ ಲಂಟಾನದ ತವರು ಯಾವುದು, ಹೇಳಿ ನೋಡೋಣ. ಅದರ ಪೂರ್ವಜರು ಅಮೆರಿಕದ ಉಷ್ಣವಲಯದವರು, ಒಪ್ಪಿದೆ. ಆದರೆ ಜಗತ್ತಿನ ತುಂಬ ಪೊದೆಗಟ್ಟಿರುವುದು ಯೂರೋಪಿನ ತೋಟಗಾರರು ಹಲವು ಬಗೆ ಬೆರೆಸಿ ಮಾಡಿದ ಮಿಶ್ರತಳಿಗಳ ಸಂತಾನ. ಅಂಥ ಗಿಡ ಯಾವ ಕಾಡಿನಲ್ಲೂ ಹುಟ್ಟಿದ್ದಲ್ಲ. ಹತ್ತಾರು ಬಗೆಯ ಕೀಟಗಳನ್ನು ದೇಶದೇಶಗಳಲ್ಲಿ ಬಿಟ್ಟರೂ ಅದು ಬಗ್ಗದಿರುವುದಕ್ಕೆ ಒಂದು ಕಾರಣ ಇದೇ ಅಂತಾರೆ: ಕಾಡುಲಂಟಾನಕ್ಕೆ ಒಗ್ಗಿದ ಹುಳು ಈ ತೋಟದ ಮಗುವನ್ನು ಗುರುತಿಸುವುದಿಲ್ಲ.

ಎಲೆಮರೆ
ಇದು ಒಳ್ಳೆಯ ಪಟ್ಟು. ಲಂಟಾನದ ವಿಷಯದಲ್ಲಿ ‘ಮೂಲನೆಲೆ’ ಕಲಮಿನಲ್ಲಿ ಬರೆದದ್ದು ಪೂರ್ವಜರ ವಿಳಾಸ ಎಂದೇ ಓದಬೇಕು.

ಬೀಜಗಣಿತ
ಚರ್ಚೆ ನಾನಂದುಕೊಂಡದ್ದಕ್ಕಿಂತ ಚೆನ್ನಾಗಿ ಹೋಗುತ್ತಿದೆ. ಮನುಷ್ಯ ಇಲ್ಲದೆ ಗಿಡ ಎಷ್ಟು ದೂರ ಹೋಗಬಲ್ಲದು ಎಂಬ ಲೆಕ್ಕ ನನ್ನನ್ನು ತುಂಬ ಕಾಡಿದ್ದು. ಹೆಸರಿಗೆ ತಕ್ಕ ಹಾಗೆ ಸ್ವಲ್ಪ ಗಣಿತ.

1899ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ಕ್ಲೆಮೆಂಟ್ ರೀಡ್ ಒಂದು ಸಮಸ್ಯೆ ಎತ್ತಿದ. ಹಿಮಯುಗದಲ್ಲಿ ದಕ್ಷಿಣಕ್ಕೆ ಸರಿದಿದ್ದ ಓಕ್ ಮರಗಳು ಹಿಮ ಕರಗಿದ ಮೇಲೆ ಬ್ರಿಟನ್ನಿನ ಉತ್ತರದವರೆಗೆ ಮರಳಿವೆ. ಕಾಯಿ ಮರದ ಬುಡದಲ್ಲೇ ಬೀಳುತ್ತದೆ. ಆ ವೇಗದಲ್ಲಿ ಹೋದರೆ ಹತ್ತು ಲಕ್ಷ ವರ್ಷದ ಆಸುಪಾಸು ಬೇಕು. ಇದ್ದದ್ದು ಕೆಲವು ಸಾವಿರ ವರ್ಷ.

ಇರುವೆ ಸಾಗಿಸುವ ಹೂಗಿಡಗಳದ್ದು ಇನ್ನೂ ಬಿಗಿ ಲೆಕ್ಕ. ಇವುಗಳ ಬೀಜಕ್ಕೆ ಎಣ್ಣೆಯಂಶದ ಪುಟ್ಟ ತುಣುಕು ಅಂಟಿಕೊಂಡಿರುತ್ತದೆ. ಇರುವೆ ಬೀಜವನ್ನು ಗೂಡಿಗೆ ಎಳೆದು, ತುಣುಕು ತಿಂದು, ಬೀಜ ಬಿಸಾಡುತ್ತದೆ. ಇಂಥ ಪ್ರಭೇದಗಳು 11,000ಕ್ಕೂ ಹೆಚ್ಚು. ಉತ್ತರ ಅಮೆರಿಕದ ಕಾಡುಶುಂಠಿ (ಆಸಾರಮ್ ಕೆನಡೆನ್ಸೆ, ಅಡುಗೆಯ ಶುಂಠಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ) ಬಗ್ಗೆ 1998ರಲ್ಲಿ ಬಂದ ಅಧ್ಯಯನ ನೋಡಿ. ಇರುವೆ ಬೀಜ ಹೊತ್ತ ಅತಿ ಹೆಚ್ಚು ದೂರ 35 ಮೀಟರ್. ಅದೂ ಅಪರೂಪಕ್ಕೆ. ಇರುವೆಗಳ ಎಂದಿನ ಸಾಗಾಟದ ಲೆಕ್ಕದಲ್ಲಿ ಹಿಮಯುಗದಿಂದ ಈಚಿನ 16,000 ವರ್ಷಗಳಲ್ಲಿ ಗಿಡ ಹತ್ತು-ಹನ್ನೊಂದು ಕಿ.ಮೀ. ಸರಿಯಬೇಕಿತ್ತು. ಸರಿದಿರುವುದು ನೂರಾರು ಕಿ.ಮೀ.!

ಉತ್ತರ ಸರಾಸರಿಯಲ್ಲಿಲ್ಲ. ಲಕ್ಷಕ್ಕೊಂದು ಬೀಜ ಜಿಂಕೆಯ ಹೊಟ್ಟೆಯಲ್ಲೋ ಗೊರಸಿನ ಮಣ್ಣಿನಲ್ಲೋ ಸಿಕ್ಕಿ ಒಂದೇ ಸಲ ಮೂರು ಕಿ.ಮೀ. ಹೋದರೆ ಸಾಕು, ಗಡಿಯನ್ನು ಮುಂದೆ ತಳ್ಳುವುದು ಅದೊಂದೇ. ಟ್ರಿಲಿಯಮ್ ಎಂಬ ಇನ್ನೊಂದು ಇರುವೆ-ಗಿಡದ ಬೀಜ ಬಿಳಿಬಾಲದ ಜಿಂಕೆಯ ಹಿಕ್ಕೆಯಲ್ಲಿ ಮೊಳೆತದ್ದನ್ನು ಆಮೇಲೆ ಕಂಡಿದ್ದಾರೆ.

ಮಣ್ಣುಹುಳ
ಗೊರಸಿನ ಮಣ್ಣು ಎಂದಿರಲ್ಲ, ಡಾರ್ವಿನ್ ನೆನಪಾದ. ಕೊಳದ ಅಂಚಿನಿಂದ ಮೂರು ಚಮಚ ಕೆಸರು ತಂದು ಆರು ತಿಂಗಳು ಮುಚ್ಚಿಟ್ಟು, ಮೊಳೆತ ಗಿಡಗಳನ್ನು ಒಂದೊಂದಾಗಿ ಕಿತ್ತು ಎಣಿಸಿದ: 537. ಬೀಜಗಳನ್ನು ಉಪ್ಪುನೀರಿನಲ್ಲೂ ನೆನೆಹಾಕಿದ. 87 ಬಗೆಗಳಲ್ಲಿ 64 ಬಗೆ 28 ದಿನದ ನಂತರವೂ ಮೊಳೆತವು. ಐಸ್‌ಲ್ಯಾಂಡ್ ಪಕ್ಕದ ಸಮುದ್ರದಲ್ಲಿ 1963ರಲ್ಲಿ ಎದ್ದ ಸರ್ಟ್ಸಿ ದ್ವೀಪ ಅದಕ್ಕೆ ನಿಸರ್ಗವೇ ಮಾಡಿದ ಪರೀಕ್ಷೆ. 1965ರಲ್ಲೇ ಮೊದಲ ಹೂಗಿಡ ಕಾಣಿಸಿತು, ಸೀ ರಾಕೆಟ್, ಅಲೆಯ ಮೇಲೆ ತೇಲಿಬಂದದ್ದು. ಆದರೆ ಗಿಡಗಳ ಬಗೆ ನಿಜವಾಗಿ ಹೆಚ್ಚಿದ್ದು 1986ರ ಸುಮಾರಿಗೆ ಕಡಲಕ್ಕಿಗಳು ಗುಂಪುಗಟ್ಟಿ ಗೂಡು ಕಟ್ಟಿದ ಮೇಲೆ. ಬೀಜವನ್ನೂ ತಂದವು, ಗೊಬ್ಬರವನ್ನೂ ಹಾಕಿದವು.

ಪರಾಗ
ಹರಡುವಿಕೆಯ ಕಥೆಗಳಲ್ಲಿ ಹಳದಿ ಹೂವಿನ ಗಿಡ ಆಕ್ಸ್‌ಫರ್ಡ್ ರಾಗ್‌ವರ್ಟ್‌ನದನ್ನು ಮೀರಿಸುವುದು ನನಗಂತೂ ಕಂಡಿಲ್ಲ. ಪೂರ್ತಿ ಬರೆಯುತ್ತೇನೆ, ಬೇಡವಾದವರು ದಾಟಿಕೊಳ್ಳಿ.

ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಮೇಲೆ ರಾಗ್‌ವರ್ಟ್‌ನ ಎರಡು ಪ್ರಭೇದಗಳಿವೆ. ಒಂದು ನೆತ್ತಿಯ ಕಡೆ, ಇನ್ನೊಂದು ತಪ್ಪಲಿನ ಕಡೆ. ನಡುವೆ ಅವೆರಡರ ಬೆರಕೆ. ಆ ಬೆರಕೆ ಗಿಡಗಳು 1700ರ ಆಸುಪಾಸಿನಲ್ಲಿ ಇಂಗ್ಲೆಂಡಿನ ತೋಟಗಳಿಗೆ, ಅಲ್ಲಿಂದ ಆಕ್ಸ್‌ಫರ್ಡ್ ಸಸ್ಯೋದ್ಯಾನಕ್ಕೆ ಬಂದವು. 1794ರ ಹೊತ್ತಿಗೆ ಊರಿನ ಕಲ್ಲುಗೋಡೆಗಳ ಮೇಲೆ ಹಳದಿ ಹೂ ಬಿಟ್ಟು ನಿಂತಿದ್ದವು. ಅಲ್ಲಿಗೆ ಕಥೆ ನಿಂತುಬಿಡಬಹುದಿತ್ತು. 1844ರಲ್ಲಿ ಆಕ್ಸ್‌ಫರ್ಡಿಗೆ ರೈಲು ಬಂತು. ಹಳಿಯ ಕೆಳಗೆ ಹಾಸುವ ಜಲ್ಲಿ, ಇಂಜಿನ್ನಿನ ಬೂದಿಗಟ್ಟಿ, ಇವೆಲ್ಲ ಎಟ್ನಾದ ಲಾವಾಪುಡಿಯ ಹಾಗೇ ಒಣ, ಬಿಸಿ, ನೀರು ನಿಲ್ಲದ ನೆಲ. ಅದರ ಮೇಲೆ ರೈಲು ಎಬ್ಬಿಸುವ ಗಾಳಿ. ತುಪ್ಪುಳದ ಬೀಜಗಳು ಆಕ್ಸ್‌ಫರ್ಡ್ ಹತ್ತಿರ ರೈಲುಡಬ್ಬಿಯ ಕಿಟಕಿಯಲ್ಲಿ ತೇಲಿ ಬಂದು, ಟೈಲ್‌ಹರ್ಸ್ಟ್‌ನಲ್ಲಿ ತೇಲಿಕೊಂಡೇ ಹೊರಹೋದದ್ದನ್ನು ಸಸ್ಯಶಾಸ್ತ್ರಜ್ಞ ಜಿ. ಸಿ. ಡ್ರೂಸ್ ಬರೆದಿಟ್ಟಿದ್ದಾರೆ. ಟಿಕೆಟ್ ಇಲ್ಲದ ಪ್ರಯಾಣ.

ಮುಂದಿನದು ಇನ್ನೂ ರುಚಿ. ಹೋದಲ್ಲೆಲ್ಲ ಅದಕ್ಕೆ ಬ್ರಿಟನ್ನಿನದೇ ಆದ ಗ್ರೌಂಡ್‌ಸೆಲ್ ಎಂಬ ದಾಯಾದಿ ಸಿಕ್ಕಿತು. ರಾಗ್‌ವರ್ಟ್‌ಗೆ 20 ವರ್ಣತಂತುಗಳು, ಗ್ರೌಂಡ್‌ಸೆಲ್‌ಗೆ 40. ಇವೆರಡರ ಸಂಕರಕ್ಕೆ 30, ಅದು ಬಂಜೆ. ಅಪರೂಪಕ್ಕೆ ವರ್ಣತಂತುಗಳು ಇಮ್ಮಡಿಯಾಗಿ 60 ಆದವು, ಬೀಜ ಕಟ್ಟುವ ಹೊಸ ಪ್ರಭೇದವೇ ಸಿದ್ಧವಾಯಿತು. ವೇಲ್ಸ್‌ನಲ್ಲಿ 1948ರಲ್ಲಿ ಸಿಕ್ಕ ಇದರ ಹೆಸರು ಸೆನೆಸಿಯೊ ಕ್ಯಾಂಬ್ರೆನ್ಸಿಸ್. ಎಡಿನ್‌ಬರೋದಲ್ಲಿ ಇದೇ ಪ್ರಭೇದ ಬೇರೆಯಾಗಿ, ತಾನೇ ಇನ್ನೊಮ್ಮೆ ಹುಟ್ಟಿತ್ತು, ಆಮೇಲೆ ಅಳಿಯಿತು. ಯಾರ್ಕ್‌ನಲ್ಲಿ 1979ರಲ್ಲಿ ಇವೇ ಇಬ್ಬರ ಸಂತಾನದಿಂದ ಮತ್ತೊಂದು ಪ್ರಭೇದ ಕಂಡಿತು. ಅದು ಕಳೆನಾಶಕಕ್ಕೆ ಸಿಕ್ಕಿ ಮಾಯವಾಯಿತು. ಬೀಜಭಂಡಾರದಲ್ಲಿ ಉಳಿಸಿದ್ದ ಬೀಜದಿಂದ 2023ರಲ್ಲಿ ಅದನ್ನು ಮತ್ತೆ ಯಾರ್ಕ್‌ನಲ್ಲೇ ಬೆಳೆಸಿದರು.

ದಾರಿಹೋಕ
ತಡೀರಿ ತಡೀರಿ. ಅಪ್ಪ ಸಿಸಿಲಿಯಿಂದ ಬಂದವ, ಅಮ್ಮ ಬ್ರಿಟನ್ನಿನವಳು, ಮಗು ವೇಲ್ಸ್‌ನಲ್ಲಿ ಹುಟ್ಟಿದ್ದು. ಮಗು ಸ್ಥಳೀಯವೋ ಅಲ್ಲವೋ?

ಪರಾಗ
ಸ್ಥಳೀಯವೇ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆ ಲೆಕ್ಕದಲ್ಲಿ ಅದು ಅಲ್ಲಿಗಷ್ಟೇ ಸೀಮಿತವಾದ ಅಪರೂಪದ ಗಿಡ.

ಹುಲ್ಲುಹಾದಿ
ದೇಶದ ಗಡಿ ಇಟ್ಟುಕೊಂಡು ಸ್ಥಳೀಯ ಎನ್ನುವುದಕ್ಕೂ ನನ್ನದು ತಕರಾರಿದೆ. ಡ್ಯಾನಿಷ್ ಸ್ಕರ್ವಿಗ್ರಾಸ್ ಎಂಬ ಪುಟ್ಟ ಬಿಳಿ ಹೂವಿನ ಗಿಡ ಬ್ರಿಟನ್ನಿನದೇ, ಆದರೆ ಕಡಲತೀರದ್ದು. ಚಳಿಗಾಲದಲ್ಲಿ ಹಿಮ ಕರಗಿಸಲು ಹೆದ್ದಾರಿಗೆ ಉಪ್ಪು ಎರಚುತ್ತಾರಲ್ಲ, ರಸ್ತೆಯ ಅಂಚಿನ ಮಣ್ಣೇ ಕಡಲತೀರದ ಹಾಗಾಯಿತು. 1980ರ ದಶಕದಿಂದ ಹೆದ್ದಾರಿಗುಂಟ ಒಳನಾಡಿಗೆಲ್ಲ ನುಗ್ಗಿದೆ. ದೇಶದ ಪಟ್ಟಿಯಲ್ಲಿ ಅದು ಸ್ಥಳೀಯ. ಕಡಲಿನಿಂದ ನೂರು ಕಿ.ಮೀ. ದೂರದ ಆ ರಸ್ತೆಬದಿಯಲ್ಲಿ?

ಚಿಗುರು
ಹೊಸಬಳು ನಾನು. ಇಷ್ಟೆಲ್ಲ ತಲೆಬಿಸಿ ಯಾಕೆ, ಹೊರಗಿನಿಂದ ಬಂದ ಗಿಡಗಳನ್ನೆಲ್ಲ ಕಿತ್ತರೆ ಮುಗೀತಲ್ಲ? ಸ್ಥಳೀಯ ಗಿಡಗಳು ಉಳಿದುಕೊಳ್ಳುತ್ತವೆ.

ಎಲೆಮರೆ
ಚಿಗುರು ಅವರೇ, ಲೆಕ್ಕ ನೋಡಿ. 2015ರಲ್ಲಿ ಬಂದ ಜಾಗತಿಕ ಎಣಿಕೆಯಲ್ಲಿ ಮನುಷ್ಯನ ಮೂಲಕ ತವರಿನ ಹೊರಗೆ ಹೋಗಿ ನೆಲೆಯೂರಿದ ಸಸ್ಯ ಪ್ರಭೇದಗಳು 13,168. ಅದರಲ್ಲಿ ನಿಜಕ್ಕೂ ಕಾಡು-ಹೊಲ ಹಾಳುಮಾಡುವವು ಸಣ್ಣ ಪಾಲು. ಎಲ್ಲವನ್ನೂ ಕೀಳುತ್ತ ಕೂತರೆ ಲಂಟಾನ, ಪಾರ್ಥೇನಿಯಂ ಥರದವುಗಳಿಗೆ ಕೈ ಹೋಗುವುದೇ ಇಲ್ಲ. ನೆಲೆಯೂರುವುದಿರಲಿ, ಬಂದವುಗಳಲ್ಲಿ ಹೆಚ್ಚಿನವು ಬದುಕುವುದೂ ಇಲ್ಲ. ಸ್ಕಾಟ್ಲೆಂಡಿನ ಟ್ವೀಡ್ ನದಿಯ ಬದಿಯ ಉಣ್ಣೆ ಗಿರಣಿಗಳಿಗೆ ಹೊರದೇಶಗಳಿಂದ ಬಂದ ಉಣ್ಣೆಯಲ್ಲಿ ಸಿಕ್ಕಿಕೊಂಡಿದ್ದ ಬೀಜಗಳಿಂದ ಮೊಳೆತ ಗಿಡಗಳ ಪಟ್ಟಿ 1919ರಲ್ಲಿ ಬಂತು, ಮುನ್ನೂರಕ್ಕೂ ಹೆಚ್ಚು ಬಗೆ. ಬಹುಪಾಲು ಅಲ್ಲಿನ ಚಳಿಗೆ ಸತ್ತುಹೋದವು.

ಹಾಗಂತ ಇಂದು ಸುಮ್ಮನಿರುವ ಗಿಡ ನಾಳೆಯೂ ಸುಮ್ಮನಿರುತ್ತದೆ ಎನ್ನುವಂತಿಲ್ಲ. ಜರ್ಮನಿಯ ಬ್ರಾಂಡನ್‌ಬರ್ಗ್‌ನಲ್ಲಿ ಹೊರಗಿನ ಮರ-ಪೊದೆಗಳನ್ನು ನೆಟ್ಟದ್ದಕ್ಕೂ ಅವು ತಾವಾಗಿ ಹಬ್ಬತೊಡಗಿದ್ದಕ್ಕೂ ನಡುವೆ ಸರಾಸರಿ 147 ವರ್ಷ ಕಳೆದಿತ್ತು. ಅಂದರೆ ಈಗಿನ ತೋಟಗಳಲ್ಲಿ ಮುಂದಿನ ಶತಮಾನದ ಕಳೆ ಯಾವುದೆಂದು ನೋಡಿದರೆ ತಿಳಿಯುವುದಿಲ್ಲ.

ಮಣ್ಣುಹುಳ
ಸ್ಥಳೀಯ ಗಿಡವೂ ಮನಸ್ಸು ಮಾಡಿದರೆ ಊರು ತುಂಬ ಹಬ್ಬುತ್ತದೆ. ಫೈರ್‌ವೀಡ್ ಬ್ರಿಟನ್ನಿನದೇ ಗಿಡ, ಒಂದು ಕಾಲಕ್ಕೆ ಅಪರೂಪದ್ದು. ರೈಲುಹಾದಿ ಬಂತು, ಕಾಡು ಕಡಿದರು, ಆಮೇಲೆ ಎರಡನೇ ಮಹಾಯುದ್ಧದ ಬಾಂಬಿಗೆ ಲಂಡನ್ ಸುಟ್ಟಿತು. ಸುಟ್ಟ ನೆಲದಲ್ಲೆಲ್ಲ ಗುಲಾಬಿ ಬಣ್ಣ.

ಬೀಜಗಣಿತ
ಹವಾಮಾನದಿಂದ ಗಡಿ ಸರಿಯುವುದರ ಬಗ್ಗೆ ಯಾರೂ ಬರೆದಿಲ್ಲ. ಜರ್ಮನಿಯ ನಿಸರ್ಗಶೋಧಕ ಹುಂಬೋಲ್ಟ್ 1802ರಲ್ಲಿ ಆಂಡಿಸ್‌ನ ಚಿಂಬೊರಾಜೊ ಪರ್ವತ ಹತ್ತಿ ಎಷ್ಟೆತ್ತರದಲ್ಲಿ ಯಾವ ಗಿಡ ಎಂದು ಚಿತ್ರ ಬರೆದ. 2012ರಲ್ಲಿ ಮತ್ತೆ ಹತ್ತಿದವರು ಗಿಡಗಳು 500 ಮೀಟರಿಗೂ ಹೆಚ್ಚು ಮೇಲೇರಿವೆ ಎಂದರು. ಎಲ್ಲ ಪತ್ರಿಕೆಗಳಲ್ಲೂ ಬಂತು.

ಪರಾಗ
ಅದರ ಮುಂದಿನ ಭಾಗವನ್ನೂ ಸೇರಿಸಿ. 2019ರಲ್ಲಿ ಬೇರೊಂದು ತಂಡ ಹುಂಬೋಲ್ಟ್‌ನ ಹಸ್ತಪ್ರತಿಗಳನ್ನು ತೆಗೆದು ನೋಡಿತು. ಚಿತ್ರದಲ್ಲಿ ಚಿಂಬೊರಾಜೊ ಇದ್ದರೂ ಎತ್ತರದ ಗಿಡಗಳ ಮಾಹಿತಿ ಬಹುಪಾಲು ಆಂಟಿಸಾನ ಎಂಬ ಬೇರೆ ಪರ್ವತದ್ದು. ಅಲ್ಲಿಗೇ ಹೋಗಿ ಹೋಲಿಸಿದಾಗ ಏರಿಕೆ 215ರಿಂದ 266 ಮೀಟರ್. ಏರಿರುವುದು ನಿಜ, ಸುಮಾರು ಅರ್ಧದಷ್ಟು. ಯೂರೋಪಿನ 302 ಶಿಖರಗಳ ಹಳೆಯ-ಹೊಸ ಪಟ್ಟಿಗಳನ್ನು ಹೋಲಿಸಿದ 2018ರ ಅಧ್ಯಯನ ನನಗೆ ಹೆಚ್ಚು ಗಟ್ಟಿ ಅನ್ನಿಸುತ್ತದೆ. ಶಿಖರಕ್ಕೆ ಹೊಸ ಗಿಡಗಳು ಸೇರುವ ವೇಗ 1957–66ರ ದಶಕಕ್ಕಿಂತ 2007–16ರಲ್ಲಿ ಐದು ಪಟ್ಟು. ಇವು ಯಾರೂ ಹೊತ್ತೊಯ್ಯದೆ ಹೋದವು. ಆದರೆ ಬಿಸಿ ಏರಿಸಿದ್ದು ಮನುಷ್ಯ. ಇವಕ್ಕೆ ಯಾವ ಬಣ್ಣ ಎಂದು ಹುಲ್ಲುಹಾದಿ ಕೇಳುವ ಮುಂಚೆ ನಾನೇ ಕೇಳಿಬಿಡುತ್ತೇನೆ.

ಹುಲ್ಲುಹಾದಿ
😀 ಹಸಿರೇ ಹಚ್ಚಿ. ತಾವಾಗಿ ಹೋದವಲ್ಲ. ಜೊತೆಗೆ ಯಾವ ವರ್ಷ ಹೋದವು ಎಂದೂ ಬರೆಯಿರಿ, ನನ್ನ ಜಗಳವೆಲ್ಲ ಇರುವುದು ವರ್ಷವಿಲ್ಲದ ನಕ್ಷೆಯ ಜೊತೆ.

ಚಿಗುರು
ಹಾಗಿದ್ದರೆ ನಮ್ಮಂಥವರು ಗಿಡ-ಪ್ರಾಣಿಗಳನ್ನು ದಾಖಲಿಸುವ ತಾಣ ಐನ್ಯಾಚುರಲಿಸ್ಟ್‌ಗೆ ಫೋಟೊ ಹಾಕುವಾಗ ಏನೇನು ಬರೆದರೆ ಉಪಯೋಗ? ಬರೀ ಹೂವಿನ ಫೋಟೊ ಹಾಕುತ್ತಿದ್ದೇನೆ.

ಎಲೆಮರೆ
ಎತ್ತರ, ನೆಲದ ಬಗೆ (ಬಂಡೆ, ಹೊಳೆದಂಡೆ, ರಸ್ತೆ ಅಂಚು, ಉತ್ತ ನೆಲ), ಒಂದೇ ಗಿಡವೋ ಹಿಂಡೋ, ಕಾಯಿ ಕಟ್ಟಿದೆಯೋ, ಸುತ್ತ ಸಸಿಗಳಿವೆಯೋ. ಹೊರಗಿನ ಗಿಡ ನೆಲೆಯೂರಿದೆಯೋ ಇಲ್ಲವೋ ಎಂದು ಹೇಳುವುದು ಆ ಸಸಿಗಳು. ಇನ್ನೊಂದು, ರಸ್ತೆ ಬಿಟ್ಟು ಒಳಗೂ ಹೋಗಿ. ಆ ತಾಣದ ಚುಕ್ಕಿಗಳೆಲ್ಲ ರಸ್ತೆಗುಂಟ ಸಾಲುಗಟ್ಟಿವೆ. ಗಿಡ ರಸ್ತೆಬದಿಯಲ್ಲಿ ಹೆಚ್ಚೋ, ನೋಡುವವರು ರಸ್ತೆಬದಿಯಲ್ಲಿ ಹೆಚ್ಚೋ ಎಂದು ಆ ಚುಕ್ಕಿಗಳಿಂದ ಬಿಡಿಸಿ ಹೇಳಲಾಗದು.

ಚಿಗುರು
ಯಾರದೋ ತೋಟದ ಗಿಡ ಬೇಲಿ ದಾಟಿ ಹೊರಗೆ ಹುಟ್ಟಿದ್ದರೆ ‘ಬೆಳೆಸಿದ್ದು’ ಅಂತ ಗುರುತು ಹಾಕಬೇಕಾ?

ಎಲೆಮರೆ
ಬೇಡ. ನೆಟ್ಟದ್ದಕ್ಕೆ ಮಾತ್ರ ಆ ಗುರುತು. ಬೀಜ ಬಿದ್ದು ತಾನೇ ಹುಟ್ಟಿದ್ದರೆ ಅದು ಕಾಡುಗಿಡದ ದಾಖಲೆಯೇ, ತವರು ಎಲ್ಲಿಯದಾದರೂ ಸರಿ. ತೋಟದ ಗಿಡ ಎಷ್ಟು ದೂರದಲ್ಲಿದೆ ಎಂದು ಟಿಪ್ಪಣಿಯಲ್ಲಿ ಹಾಕಿ, ಬೀಜಗಣಿತ ಅವರಿಗೆ ಲೆಕ್ಕಕ್ಕೆ ಬೇಕಾಗುತ್ತದೆ.